ಐದು ಊರುಗಳ ಮನೆಮಾತು

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಹೆಂಗಸರಿಗೆ ಟಿಕೆಟ್ಟಿನ ಚಿಂತೆ ಹೋಯಿತು, ಸೀಟಿನ ಚಿಂತೆ ಬಂತು. ಆದರೂ ಪ್ರಯತ್ನಿಸಿ. ಹೊರಗೆ ಹಿನ್ನೀರು, ಜೋಳದ ಹೊಲ, ಮೆಕ್ಕೆಜೋಳದ ರಾಶಿ ಕಾಣುತ್ತದೆ. ಸ್ವಲ್ಪ ಹೊತ್ತು ಅದನ್ನೆಲ್ಲ ಬಿಟ್ಟು ಬಸ್ಸಿನೊಳಗಿನ ಮಾತು ಕೇಳಿಸಿಕೊಳ್ಳಿ. ಮುಂದಿನ ಸೀಟಿನಲ್ಲಿ ಇಬ್ಬರು ಬಳ್ಳಾರಿ ಸೀಮೆಯ ಕನ್ನಡದಲ್ಲಿ ಈರುಳ್ಳಿಯ ರೇಟು ಮಾತಾಡುತ್ತಿರುತ್ತಾರೆ. ಹಿಂದೆ ಕನ್ನಡಿ ಚೂರಿನ ರವಿಕೆ ತೊಟ್ಟ ಲಂಬಾಣಿ ಅಜ್ಜಿ ಮೊಬೈಲಿನಲ್ಲಿ ತನ್ನ ಗೋರ್ ಬೋಲಿಯಲ್ಲೇ ಮಗನನ್ನು ಗದರಿಸುತ್ತಿರುತ್ತಾಳೆ. ಪಕ್ಕದಲ್ಲಿ ಬುರ್ಖಾ ತೊಟ್ಟ ತಾಯಿಯೊಬ್ಬಳು ಅತ್ತೆಯೊಡನೆ ದಖನಿಯಲ್ಲಿ ಮಾತಾಡುತ್ತಾಳೆ, ಕಂಡಕ್ಟರನೊಡನೆ ಕನ್ನಡದಲ್ಲಿ ಮಾತಾಡುತ್ತಾಳೆ, ತೊಡೆಯ ಮೇಲಿನ ಮಗುವಿಗೆ ಮಾತ್ರ “ಡೋಂಟ್ ಟಚ್, ಬೇಬಿ” ಅನ್ನುತ್ತಾಳೆ.

ಆ ಕೊನೆಯ ಮಾತು ನನ್ನನ್ನು ಕಳೆದ ಬೇಸಿಗೆ ರಜೆಯ ಪ್ರಯಾಣದುದ್ದಕ್ಕೂ ಕಾಡಿತು. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ. ಐದೂ ಕಡೆ ನಮಗೆ ನೆಂಟರಿದ್ದಾರೆ. ಒಂದೂರಿನಿಂದ ಇನ್ನೊಂದೂರಿಗೆ ಹೆಚ್ಚೂ ಕಡಿಮೆ ಒಂದು ಗಂಟೆಯ ದಾರಿ. ನೀವೂ ನನ್ನ ಜೊತೆ ಬನ್ನಿ.

ಈ ಸೀಮೆ ಆಡಳಿತದ ಲೆಕ್ಕದಲ್ಲಿ ಬಹಳ ಅಲೆದಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಐದೂ ತಾಲೂಕುಗಳು ಒಂದೇ ಸೂರಿನಡಿ ಬಂದಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷಕ್ಕೆ ಮತ್ತೆ ಜಿಲ್ಲೆ ಬದಲಿಸಿತು. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ, ಈ ಕಡೆಯೆಲ್ಲ ಮದ್ರಾಸ್ ಆಡಳಿತಕ್ಕೆ ಸೇರಿತ್ತು. ತುಂಗಭದ್ರಾ ಅಣೆಕಟ್ಟಿನ ಹೆಸರು ಹೇಳಿದರೆ ಹಿರಿಯರು ಇಂದಿಗೂ ಮದ್ರಾಸಿನ ಇಂಜಿನಿಯರ್ ತಿರುಮಲೆ ಅಯ್ಯಂಗಾರರನ್ನು ನೆನೆಯುತ್ತಾರೆ. ಹಾಗಾಗಿ ತಮಿಳು ಈ ಕಡೆಯ ಕಿವಿಗೆ ತೀರಾ ಹೊಸದೇನಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನಾನು ಇಳಿದುಕೊಂಡ ಗೆಳತಿಯ ಪಕ್ಕದ ಮನೆಯವರು ತಮಿಳರು. ಯಜಮಾನರು ಬ್ಯಾಂಕ್ ನೌಕರಿಗೆಂದು ಈರೋಡ್ ಕಡೆಯಿಂದ ಬಂದು ಎಂಟು ವರ್ಷವಾಯಿತಂತೆ. ಆಕೆ ಈಗ ಕನ್ನಡ ಚೆನ್ನಾಗಿ ಆಡುತ್ತಾರೆ, “ಏನ್ರೀ ಅಕ್ಕಾ, ಆರಾಮದೀರಾ?” ಎಂದು ನಮ್ಮವರ ಹಾಗೆಯೇ ಕೇಳುತ್ತಾರೆ. ಒಂಬತ್ತರ ಮಗಳು, ಐದರ ಮಗ. ಮಗ ಬೀದಿಯಲ್ಲಿ ಆಡಿ ಬೆಳೆದವನು, ಅವನ ಬಾಯಲ್ಲಿ ಬರುವುದೆಲ್ಲ ಕನ್ನಡ. ತಾಯಿ ತಮಿಳಿನಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ. ಇದು ನಮ್ಮ ಮನೆಗಳಲ್ಲೂ ನಡೆಯುವ ಕಥೆಯೇ ಅಲ್ಲವೇ?

ನಾವು ಕಟ್ಟೆಯ ಮೇಲೆ ಕುಳಿತಿದ್ದಾಗ ಆ ಹುಡುಗ ಓಡಿ ಬಂದು, “ಅಮ್ಮಾ, ನಂಗೆ ಹಾಲು ಬೇಕು” ಅಂದ. ಆಕೆ ಗದರಲಿಲ್ಲ. “ಪಾಲ್ ವೇಣುಮಾ? ಸೂಡಾ ವೇಣುಮಾ, ಆರಿನದಾ?” ಎಂದು ಕೇಳಿದರು. ಬಿಸಿಯೋ ಆರಿದ್ದೋ ಎಂದು ಹೇಳದೆ ಅವನಿಗೆ ಹಾಲು ಸಿಗುವಂತಿಲ್ಲ. “ಸೂಡಾ” ಅಂದ. ಅಷ್ಟೇ. ಒಂದು ಶಬ್ದ ಸಿಕ್ಕಿತು, ಆಕೆ ಎದ್ದು ಒಳಗೆ ಹೋದರು.

“ತಮಿಳಲ್ಲಿ ಮಾತಾಡು ಅಂತ ನಾನು ಯಾವತ್ತೂ ಹೇಳಲ್ಲ ಅಕ್ಕಾ, ಹೇಳಿದರೆ ಬಾಯಿ ಮುಚ್ಚಿಬಿಡ್ತಾನೆ” ಎಂದು ಆಮೇಲೆ ಹೇಳಿದರು. ಅವನು ಕನ್ನಡದಲ್ಲಿ ಹೇಳಿದ್ದನ್ನೇ ಆಕೆ ತಮಿಳಿನಲ್ಲಿ ತಿರುಗಿ ಹೇಳಿ, ಅದರ ಬಾಲಕ್ಕೆ ಒಂದು ಪ್ರಶ್ನೆ ಕಟ್ಟುತ್ತಾರೆ. ಸ್ನಾನದ ಹೊತ್ತು ಪೂರ್ತಿ ತಮಿಳು, ಅಲ್ಲಿ ಬೇರೆ ಭಾಷೆಗೆ ಪ್ರವೇಶವಿಲ್ಲ. ಭಾನುವಾರ ಊರಿನ ಪಾಟ್ಟಿಗೆ, ಅಂದರೆ ಅಜ್ಜಿಗೆ ಫೋನು. ಮೊಮ್ಮಕ್ಕಳ ತಪ್ಪಿಗೆ ನಗಬಾರದೆಂದು ಆ ಅಜ್ಜಿಗೆ ಮೊದಲೇ ತಾಕೀತು ಆಗಿದೆ. ಮೇ ತಿಂಗಳಲ್ಲಿ ಕನ್ನಡ ಬಾರದ ದಾಯಾದಿ ಮಕ್ಕಳ ನಡುವೆ ಇಪ್ಪತ್ತು ದಿನ. ಇನ್ನೊಂದು ಆಟ ನನಗೆ ಬಹಳ ಹಿಡಿಸಿತು: ಕನ್ನಡದ ‘ಹ’ ತೆಗೆದು ‘ಪ’ ಹಾಕುವುದು. ಹಾಲು ಪಾಲ್ ಆಗುತ್ತದೆ, ಹೂ ಪೂ ಆಗುತ್ತದೆ, ಹುಲಿ ಪುಲಿ, ಹತ್ತು ಪತ್ತು. ಹುಡುಗನಿಗೆ ಇದು ಗುಟ್ಟಿನ ಭಾಷೆಯಂತೆ. ತನಗೆ ಗೊತ್ತಿರುವ ಕನ್ನಡವೇ ತಮಿಳಿಗೆ ಮೆಟ್ಟಿಲಾಗುತ್ತದೆಂದು ಅವನಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಮಗಳ ವಿಷಯದಲ್ಲಿ ಆಕೆ ಬೇರೆ ದಾರಿ ಹಿಡಿದಿದ್ದರಂತೆ. ಪುಸ್ತಕ ತರಿಸಿ, ಅಕ್ಷರ ತಿದ್ದಿಸಿ ಶುರು ಮಾಡಿದ್ದರು. ಹುಡುಗಿ ಓದಲು ಕಲಿತಳು. ಊರಿಗೆ ಹೋಗಿ ಪುಸ್ತಕದಲ್ಲಿದ್ದಂತೆ ‘ವೇಂಡುಂ’, ‘ವೀಟ್ಟಿಲ್’ ಎಂದಾಗ ಅಲ್ಲಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ‘ವೇಣುಂ’, ‘ವೀಟ್ಲ’ ಅನ್ನುತ್ತಾರೆ. ಬರೆಯುವ ತಮಿಳು ಬೇರೆ, ಆಡುವ ತಮಿಳು ಬೇರೆ. ಆದ್ದರಿಂದ ಮಗನಿಗೆ ಮೊದಲು ಮಾತು, ಅಕ್ಷರ ಆಮೇಲೆ.

ಇದು ಈ ಒಂದು ಮನೆಯ ಅನುಭವ ಮಾತ್ರವಲ್ಲ. ಸಿಂಗಾಪುರದಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಶಾಲೆಯಲ್ಲಿ ಕಲಿಸುತ್ತಾರೆ, ಪರೀಕ್ಷೆ ಇದೆ, ಪತ್ರಿಕೆ ಇದೆ, ಟಿ.ವಿ. ಇದೆ. ಅಲ್ಲಿಯ ತಮಿಳರಲ್ಲಿ ಮುಸ್ಲಿಮರೂ ಬಹಳ ಮಂದಿ. ಪುಸ್ತಕದ ತಮಿಳು ಮಕ್ಕಳ ನಾಲಿಗೆಗೆ ಹತ್ತುತ್ತಿಲ್ಲವೆಂದು 2005ರಲ್ಲಿ ಅಲ್ಲಿಯ ಸಮಿತಿಯೊಂದು ಆಡುಮಾತಿನ ತಮಿಳನ್ನೇ ತರಗತಿಯಲ್ಲಿ ಕಲಿಸಬೇಕೆಂದು ಶಿಫಾರಸು ಮಾಡಿತು. ಅದೂ ಒಳ್ಳೆಯದೇ. ಆದರೆ 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ತಮಿಳು ಆಡುವವರು ಶೇಕಡಾ 2.5 ಮಾತ್ರ, ಹತ್ತು ವರ್ಷದ ಹಿಂದೆ 3ಕ್ಕಿಂತ ಹೆಚ್ಚಿದ್ದರು. ಇಷ್ಟೆಲ್ಲ ಆಸರೆ ಇರುವ ಭಾಷೆಯೇ ಅಡುಗೆಮನೆಯಿಂದ ಹೊರಗೆ ನಡೆಯುತ್ತಿದೆ ಎಂದರೆ, ಯಾವ ಆಸರೆಯೂ ಇಲ್ಲದ ನಮ್ಮ ದಖನಿಯ ಪಾಡೇನು?

ಹೌದು, ದಖನಿ. ಗಣತಿಯವರು ಬಂದಾಗ ನಾವು ‘ಉರ್ದು’ ಎಂದು ಬರೆಸುತ್ತೇವೆ. 2011ರ ಗಣತಿಯಂತೆ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನ ಮಾತೃಭಾಷೆಯೆಂದು ಬರೆಸಿದ್ದು ಉರ್ದುವನ್ನೇ. ಆದರೆ ಈ ಸೀಮೆಯ ನಮ್ಮ ಮನೆಗಳಲ್ಲಿ ಆಡುವುದು ದಖನಿ. ಮದ್ರಸಾದಲ್ಲಿ ಕಿತಾಬಿನ ಉರ್ದು ಓದಿದವಳು ನಾನು, ಅದರ ಬೆಲೆ ನನಗೆ ಗೊತ್ತು. ದೀನಿನ ಎಷ್ಟೋ ಗ್ರಂಥಗಳ ಬಾಗಿಲು ಅದು. ಆದರೆ ಅದನ್ನು ಮುಂದಿಟ್ಟುಕೊಂಡು ಮನೆಯ ಮಾತನ್ನು ‘ಟೂಟಿ ಫೂಟಿ ಉರ್ದು’ ಎಂದು ಹೀಯಾಳಿಸುವುದು ನನಗೆ ಸರಿ ಕಾಣುವುದಿಲ್ಲ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ತನ್ನ ‘ಕಿತಾಬೆ ನೌರಸ್’ ರಚಿಸಿದ್ದು ಈ ದಖನಿಯಲ್ಲಿ. ದೆಹಲಿಯ ಕವಿಗಳು ಉರ್ದುವಿನಲ್ಲಿ ಬರೆಯಲು ಕೈಹಚ್ಚುವ ಎಷ್ಟೋ ಮೊದಲೇ ದಖನಿಯಲ್ಲಿ ದೊಡ್ಡ ಸಾಹಿತ್ಯ ಬೆಳೆದಿತ್ತು.

ಅದರ ಒಳಗೆ ನಮ್ಮ ಕನ್ನಡವೂ ಕುಳಿತಿದೆ, ನೋಡಿ. ‘ಬರ್ತೀನಿ ಅಂತ ಅಂದ’ ಎನ್ನುವುದನ್ನು ನಾವು ‘ಆತೂಂ ಬೋಲ್ಕೆ ಬೋಲ್ಯಾ’ ಅನ್ನುತ್ತೇವೆ. ಆ ‘ಬೋಲ್ಕೆ’ ಕನ್ನಡದ ‘ಅಂತ’ ಇದ್ದ ಜಾಗದಲ್ಲೇ ಬಂದು ಕೂರುತ್ತದೆ, ತೆಲುಗಿನ ‘ಅನಿ’ಯ ಹಾಗೆ. ‘ಬೇಕು, ಬೇಡ’ ಎನ್ನುವ ಜೋಡಿಗೆ ‘ಹೋನಾ, ನಕ್ಕೋ’. ಆ ‘ನಕ್ಕೋ’ ಮರಾಠಿಯಿಂದ ಬಂದದ್ದು. ಇದನ್ನು ಕೆಟ್ಟ ಉರ್ದು ಎನ್ನುವವರಿಗೆ, ಈ ನೆಲದಲ್ಲಿ ಆರುನೂರು ವರ್ಷ ನೆರೆಹೊರೆಯೊಡನೆ ಬಾಳಿದ ಮಾತು ಹೀಗಲ್ಲದೆ ಹೇಗಿರಬೇಕಿತ್ತು ಎಂದು ಕೇಳಬೇಕು.

ಹಡಗಲಿಗೆ ಹೋದಾಗ ಮನೆತುಂಬ ಮಲ್ಲಿಗೆ. ಈ ಊರಿನ ಹೆಸರಿನ ಮುಂದೆ ‘ಹೂವಿನ’ ಎಂದು ಸುಮ್ಮನೆ ಸೇರಿಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ನಮ್ಮ ನೆಂಟರ ಮನೆಯ ಹೆಂಗಸರು ಬೆಳಿಗ್ಗೆ ಮೊಗ್ಗು ತಂದು ಸುರುವಿಕೊಂಡು ಕಟ್ಟಲು ಕೂರುತ್ತಾರೆ. ಮಾರಿಗೆ ಇಷ್ಟು ಎಂದು ಕೂಲಿ. ನಡುವೆ ಎಂಬತ್ತರ ದಾದಿಮಾ, ಆಜುಬಾಜು ಮೊಮ್ಮಕ್ಕಳು. “ದೋ ಕಲಿ ಇಧರ್, ದೋ ಕಲಿ ಉಧರ್, ಅಬ್ ಗಾಂಠ್ ಮಾರ್” ಎಂದು ಅವರು ಹೇಳುತ್ತಾ ಹೋದಂತೆ ಆರು ವರ್ಷದ ಹುಡುಗಿಯ ಬೆರಳು ಓಡುತ್ತದೆ. ಸಡಿಲ ಬಿಟ್ಟರೆ “ಐಸಾ ನಕ್ಕೋ, ಕಸ್ಕೆ” ಎಂದು ತಿದ್ದುತ್ತಾರೆ. ತಿದ್ದುವುದು ಗಂಟನ್ನು, ಮಾತನ್ನಲ್ಲ. ನಾನು ನೋಡಿದ ಐದು ಊರುಗಳಲ್ಲಿ ದಖನಿ ಒಂದಿಷ್ಟೂ ತೊಡಕಿಲ್ಲದೆ ಮಕ್ಕಳ ಬಾಯಲ್ಲಿ ಹರಿಯುತ್ತಿದ್ದುದು ಆ ಹೂವಿನ ರಾಶಿಯ ಸುತ್ತ. ಆ ಮಕ್ಕಳು ಹೋಗುವುದು ಕನ್ನಡ ಶಾಲೆಗೆ, ಕನ್ನಡವೂ ಅಷ್ಟೇ ಸ್ವಚ್ಛ.

ಕೆಲಸದ ಜೊತೆ ಮಾತು ಹರಿಯುವುದು ಹಳೆಯ ಪದ್ಧತಿ. ಬಿಜಾಪುರದ ಸೂಫಿಗಳ ಕಾಲದಲ್ಲಿ ‘ಚಕ್ಕಿನಾಮಾ’, ‘ಚರ್ಖಾನಾಮಾ’ ಎಂಬ ದಖನಿ ಹಾಡುಗಳಿದ್ದವು. ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲೆಂದೇ ಕಟ್ಟಿದ ಪದಗಳು. ದೊಡ್ಡ ದೊಡ್ಡ ವಿಚಾರಗಳು ಮನೆಯೊಳಗೆ ಬಂದದ್ದು ಬೀಸುಕಲ್ಲಿನ ಹಿಡಿ ಹಿಡಿದವರ ಬಾಯಿಂದ. ದೂರದ ನ್ಯೂಜಿಲೆಂಡಿನಲ್ಲಿ ಮಾವೊರಿ ಜನ ತಮ್ಮ ಭಾಷೆ ನಶಿಸುವುದನ್ನು ಕಂಡು 1982ರಲ್ಲಿ ‘ಕೊಹಾಂಗ ರೆಯೊ’ ಎಂಬ ಶಿಶುಮನೆಗಳನ್ನು ಆರಂಭಿಸಿದರು. ಹೆಸರಿನ ಅರ್ಥ ಭಾಷೆಯ ಗೂಡು. ಭಾಷೆ ಬಲ್ಲ ಅಜ್ಜಿಯಂದಿರು ಪುಟ್ಟ ಮಕ್ಕಳನ್ನು ಆಡಿಸುತ್ತಾ ಉಣಿಸುತ್ತಾ ಮಾವೊರಿಯಲ್ಲೇ ಮಾತಾಡುವುದು, ಅದೇ ಅಲ್ಲಿಯ ಪಾಠ. ಹಡಗಲಿಯ ಆ ಪಡಸಾಲೆ ನೋಡಿದಾಗ, ಸರ್ಕಾರದ ಹಣವಿಲ್ಲದ ಒಂದು ಗೂಡು ಇಲ್ಲಿಯೂ ಇದೆಯಲ್ಲ ಅನ್ನಿಸಿತು. ದಾದಿಮಾ ನಂತರ ಯಾರು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹರಪನಹಳ್ಳಿ ಬೀಚಿಯವರು ಹುಟ್ಟಿದ ಊರು. ನಗಿಸುವವರ ಊರಿನಲ್ಲಿ ನಾನು ಕಂಡದ್ದು ಮಾತ್ರ ನಗುವಂಥದ್ದಲ್ಲ. ನಮ್ಮ ಅತ್ತೆಯವರ ಅಕ್ಕ ಅಲ್ಲಿದ್ದಾರೆ. ಬಳೆ ವ್ಯಾಪಾರ ಮಾಡಿ ಮಕ್ಕಳನ್ನು ಸಾಕಿದವರು. ಸುತ್ತಲಿನ ಹಳ್ಳಿಗಳ ಮನೆಮನೆಯ ಹೆಣ್ಣುಮಕ್ಕಳೊಡನೆ ಕನ್ನಡದಲ್ಲೇ ಹರಟಿ ಬಾಳಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ತಿಂಗಳುಗಟ್ಟಲೆ ಮಾತಿರಲಿಲ್ಲ. ಆಮೇಲೆ ಅಲ್ಹಮ್ದುಲಿಲ್ಲಾಹ್, ಮಾತು ಬಂತು. ಆದರೆ ಬಂದದ್ದು ದಖನಿ ಮಾತ್ರ. ಕನ್ನಡ ಬಾಯಿಗೆ ಬರಲೇ ಇಲ್ಲ. ಲಕ್ವವಾದ ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಒಂದು ಭಾಷೆ ಉಳಿದು ಇನ್ನೊಂದು ಹೋಗುವುದನ್ನು ವೈದ್ಯರು ಕಂಡಿದ್ದಾರೆ.

ಅವರ ಮೊಮ್ಮಗ ದಾವಣಗೆರೆಯಲ್ಲಿ ಓದುತ್ತಾನೆ. ಓದಿನಲ್ಲಿ ಹಿಂದೆ ಬೀಳುತ್ತಾನೆಂದು ತಂದೆ ತಾಯಿ ಅವನೊಡನೆ ಕನ್ನಡ, ಇಂಗ್ಲಿಷ್ ಬಿಟ್ಟು ಬೇರೇನೂ ಆಡಿದವರಲ್ಲ. ರಜೆಗೆ ಬಂದವನು ದಾದಿಯನ್ನು ಮಂಚದಿಂದ ಎಬ್ಬಿಸುತ್ತಿದ್ದ. “ಹಲ್ಲು... ಹಲ್ಲು...” ಎಂದರು ಅವರು. ದಖನಿಯಲ್ಲಿ ಅದಕ್ಕೆ ‘ಮೆಲ್ಲಗೆ’ ಎಂದರ್ಥ. ಹುಡುಗ ಗಾಬರಿಯಿಂದ ಅವರ ಬಾಯಿ ಅಗಲಿಸಿ, ಯಾವ ಹಲ್ಲು ನೋಯುತ್ತಿದೆ ಎಂದು ಹುಡುಕತೊಡಗಿದ. ಅವರು ಇನ್ನೂ ಜೋರಾಗಿ “ಹಲ್ಲು!” ಎನ್ನುತ್ತಾರೆ, ಇವನು ಇನ್ನೂ ಬಗ್ಗಿ ನೋಡುತ್ತಾನೆ. ಒಳಗಿನಿಂದ ಸೊಸೆ ಓಡಿ ಬಂದು ಬಿಡಿಸಿ ಹೇಳಿದಳು. ಹುಡುಗ ಒಳ್ಳೆಯವನು, ಪ್ರೀತಿಗೆ ಕೊರತೆಯಿಲ್ಲ. ದಾದಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು, ಅವನು ಬಾಗಿಲಲ್ಲಿ ಸುಮಾರು ಹೊತ್ತು ನಿಂತೇ ಇದ್ದ.

ಹರಪನಹಳ್ಳಿ, ಹಡಗಲಿ ಸುತ್ತ ಲಂಬಾಣಿ ತಾಂಡಾಗಳು ಬಹಳ. ಅವರ ಭಾಷೆಯೂ ನಮ್ಮದರ ಹಾಗೆ ಗಣತಿಯಲ್ಲಿ ಇನ್ನೊಂದು ಹೆಸರಿನ ಕೆಳಗೆ ಅಡಗಿದೆ: 2011ರಲ್ಲಿ ದೇಶದ 32 ಲಕ್ಷಕ್ಕೂ ಹೆಚ್ಚು ಲಂಬಾಣಿ ಮಾತುಗಾರರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದರು. ನಾವು ‘ಪಾನಿ’ ಎಂದರೆ ಅವರು ‘ಪಾಣಿ’ ಅನ್ನುತ್ತಾರೆ, ತಾಯಿಗೆ ‘ಯಾಡಿ’. ದುಡಿಯುವವರು ಕಬ್ಬು ಕಡಿಯಲು ತಿಂಗಳುಗಟ್ಟಲೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯರ ಬಳಿ ಉಳಿಯುತ್ತಾರೆ, ಹಾಗಾಗಿ ತಾಂಡಾದಲ್ಲಿ ಮಾತು ಗಟ್ಟಿಯಾಗಿದೆ. ಬಡತನ ಉಳಿಸಿಕೊಟ್ಟ ಭಾಷೆ ಅದು, ಹೇಳಲು ಸಂಕಟವಾಗುತ್ತದೆ. ಹಾಸ್ಟೆಲಿಗೆ ಹೋದ ಮೇಲೆ ಸಂಕೋಚ ಶುರುವಾಗುತ್ತದೆ. ಬಸ್ ನಿಲ್ದಾಣದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಯಾಡಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದವಳು, ಗೆಳತಿಯರು ಬಂದೊಡನೆ ತಟ್ಟನೆ ಕನ್ನಡಕ್ಕೆ ಹೊರಳಿದಳು. ಆ ಕಡೆಯ ತಾಯಿಗೆ ಅದು ಎಷ್ಟು ಅರ್ಥವಾಯಿತೋ. ನಮ್ಮ ಹುಡುಗಿಯರೂ ಕಾಲೇಜಿನ ಮುಂದೆ ‘ಅಮ್ಮಿ’ ಎಂದು ಕರೆಯಲು ಹಿಂಜರಿಯುವುದನ್ನು ನೀವು ಕಂಡಿರಬಹುದು.

ಕೊಟ್ಟೂರಿಗೆ ಬನ್ನಿ. ಮಂಡಕ್ಕಿ ಮೆಣಸಿನಕಾಯಿ ತಿಂದೇ ಮುಂದೆ ಮಾತು. ಇದು ಕುಂ. ವೀರಭದ್ರಪ್ಪನವರ ಊರು. ಆಂಧ್ರದ ಗಡಿ ಹಳ್ಳಿಗಳಲ್ಲಿ ಕನ್ನಡ ಮೇಷ್ಟ್ರಾಗಿ ಬಹುಕಾಲ ದುಡಿದು, ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಕನ್ನಡದಲ್ಲಿ ತೆಲುಗು, ಉರ್ದು ಶಬ್ದಗಳು ಮನೆಯವರಂತೆ ಓಡಾಡಿಕೊಂಡಿರುತ್ತವೆ.

ಇಲ್ಲಿ ನಾನು ಇಳಿದದ್ದು ಪಿಂಜಾರರ ಮನೆಯಲ್ಲಿ. ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರು ಈ ಸೀಮೆಯಲ್ಲಿ ಬಹಳ ಮಂದಿ. ಅವರಲ್ಲಿ ಎಷ್ಟೋ ಮನೆಗಳ ಮಾತು ತಲೆತಲಾಂತರದಿಂದ ಕನ್ನಡವೇ. ತಾಯಿ ಜೋಗುಳ ಹಾಡಿದ್ದು ಕನ್ನಡದಲ್ಲಿ, ಮಗು ಮೊದಲು ಅತ್ತು ಕರೆದದ್ದು ‘ಯವ್ವಾ’ ಎಂದು. ಆ ಮನೆಯ ಸೊಸೆ ಹೇಳಿದಳು: “ಮದಿವಿ ಮನ್ಯಾಗ ಕುಂತ್ರ, ನಿಮಗ ಉರ್ದುನೇ ಬರಂಗಿಲ್ಲಲ್ಲ, ನೀವೆಂಥಾ ಮುಸಲರು ಅಂತ ನಗ್ತಾರ ಆಪಾ.” ಈ ನಗುವಿನ ಬಗ್ಗೆ ನಾವು ಗಂಭೀರವಾಗಿ ಯೋಚಿಸಬೇಕು. ಜನರ ಭಾಷೆಗಳು ಬೇರೆ ಬೇರೆಯಾಗಿರುವುದು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಸೂರಃ ಅರ್ರೂಮ್‌ನಲ್ಲಿ ಓದುವವರು ನಾವು. ಅವರ ಪರಂಪರೆಯ ಭಾಷೆ ಕನ್ನಡ. ಅವರ ಮಕ್ಕಳು ಉರ್ದು ಕಲಿತರೆ ಸಂತೋಷ, ಆದರೆ ಅಜ್ಜಿಯ ಕನ್ನಡಕ್ಕೆ ನಾಚಿಕೊಂಡು ಕಲಿಯಬೇಕಾಗಿಲ್ಲ. ದಖನಿಯವರು ಕಿತಾಬಿನ ಉರ್ದುವಿನ ಮುಂದೆ ಕುಗ್ಗುತ್ತಾರೆ, ಅದೇ ದಖನಿಯವರು ಪಿಂಜಾರರ ಕನ್ನಡ ಕೇಳಿ ನಗುತ್ತಾರೆ. ಇದೆಂಥ ವಿಚಿತ್ರ ನೋಡಿ.

ಕೊನೆಯ ನಿಲುಗಡೆ ಕೂಡ್ಲಿಗಿ. ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿರುವ ಊರು, ಮಳೆ ಕಡಿಮೆಯ ಊರು. ನೀರಿಗಾಗಿ ಎಷ್ಟು ಆಳಕ್ಕೆ ಇಳಿದರೂ ಸಾಲದು. ರಸ್ತೆಬದಿಯಲ್ಲಿ ತಮಿಳುನಾಡಿನ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ನಿಂತಿತ್ತು. ಅದರ ನೆರಳಲ್ಲಿ ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡ ಹುಡುಗನೊಬ್ಬ ವಿಡಿಯೋ ಕಾಲಿನಲ್ಲಿ ಪುಟ್ಟ ಮಗುವಿನೊಡನೆ ತಮಿಳಿನಲ್ಲಿ ತೊದಲುತ್ತಿದ್ದ.

ತಂಗಿಯ ಮನೆಯಲ್ಲಿ ಅಸರ್ ನಮಾಝಿನ ನಂತರ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಹಗರಿಬೊಮ್ಮನಹಳ್ಳಿಯ ತಮಿಳು ತಾಯಿಯ ಕಥೆ ಹೇಳಿದೆ. ಒಬ್ಬಾಕೆ ನೇರವಾಗಿಯೇ ಕೇಳಿದಳು, “ದಖನಿ ಕಲಿಸಿದ್ರೆ ನೌಕ್ರಿ ಸಿಗುತ್ತಾ ಆಪಾ?” ಸಿಗುವುದಿಲ್ಲ. ನೌಕರಿಗೆ ಕನ್ನಡ ಬೇಕು, ಇಂಗ್ಲಿಷ್ ಬೇಕು, ಅವೆರಡನ್ನೂ ಚೆನ್ನಾಗಿಯೇ ಕಲಿಸಿ ಎಂದೆ. ಯಾವ ಮಾಧ್ಯಮದಲ್ಲಿ ಓದಿಸಬೇಕೆಂಬ ಆಯ್ಕೆ ತಂದೆ ತಾಯಿಗೆ ಸೇರಿದ್ದೆಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಶಾಲೆಯ ಆಯ್ಕೆ ಮಾಡಿಕೊಳ್ಳಿ, ಆದರೆ ಶಾಲೆಯನ್ನು ಊಟದ ದಸ್ತರ್‌ಖಾನಿಗೂ ತರಬೇಡಿ. ಮಕ್ಕಳ ತಲೆಯಲ್ಲಿ ಮೂರು ನಾಲ್ಕು ಭಾಷೆಗಳಿಗೆ ಜಾಗವಿದೆ, ಈ ಸೀಮೆಯ ಬೀದಿಬೀದಿಯಲ್ಲೂ ಅದಕ್ಕೆ ಸಾಕ್ಷಿ ಸಿಗುತ್ತದೆ.

ಇನ್ನೊಬ್ಬಾಕೆಯ ತೊಂದರೆ ಬೇರೆ. ಉರ್ದು ಕಲಿಸುವವರೊಬ್ಬರು ಮಗಳು ‘ಕಾಯ್ಕು’ ಎಂದದ್ದಕ್ಕೆ ಎಲ್ಲರೆದುರು ಗದರಿದ್ದರಂತೆ, ಅಂದಿನಿಂದ ಅವಳು ಮನೆಯಲ್ಲೂ ದಖನಿ ಬಿಟ್ಟಿದ್ದಾಳೆ. ಕಲಿಸುವ ನಮ್ಮಂಥವರು ಇದನ್ನು ಗಮನಿಸಬೇಕು. ಕಿತಾಬಿನಲ್ಲಿ ‘ಕ್ಯೋಂ’, ಮನೆಯಲ್ಲಿ ‘ಕಾಯ್ಕು’, ಎರಡೂ ಇರಲಿ ಎಂದು ಹೇಳಲು ಎರಡು ನಿಮಿಷ ಸಾಕು. ನನ್ನ ತರಗತಿಯಲ್ಲಿ ಹುಡುಗಿಯರಿಗೆ ದಾದಿ ನಾನಿಯರಿಂದ ವಾರಕ್ಕೆ ಐದು ಶಬ್ದ ಕೇಳಿ ಬರಲು ಹೇಳುತ್ತೇನೆ. ಹಲ್ಲಿನ ಕಥೆ ಕೇಳಿದ ಮೇಲೆ ಕೂಡ್ಲಿಗಿಯ ಹೆಂಗಸರೂ ನಗುತ್ತಾ ತಮ್ಮ ತಮ್ಮ ಮನೆಯ ಶಬ್ದ ನೆನೆಸಿಕೊಳ್ಳತೊಡಗಿದರು. ಮಗ್ರಿಬ್ ಹತ್ತಿರವಾದರೂ ಪಟ್ಟಿ ಮುಗಿಯಲಿಲ್ಲ.

ಆ ತಾಯಿ ಹೊರಡಲು ಎದ್ದಳು. ಮಗಳು ಬಾಗಿಲಲ್ಲಿ ಮೊಬೈಲು ನೋಡುತ್ತಾ ನಿಂತಿದ್ದಳು.

“ಅಮ್ಮಿ, ಟೈಮಾಯ್ತು, ಬಾ.”

“ಹೌ, ದೇರ್ ಹೋಗಯಿ. ಚಪ್ಪಲಾಂ ಕಹಾಂ?”

“ಅಲ್ಲೇ ಅದಾವಲ್ಲ.”

“ಕಹಾಂ? ಮೇರೆಕು ನೈಂ ದಿಸ್ತಿಂ. ಇಧರ್ ಕೀ, ಉಧರ್?”

ಹುಡುಗಿ ಮೊಬೈಲಿನಿಂದ ತಲೆ ಎತ್ತಿದಳು. “ಉಧರೀಚ್ ಬಿಟ್ಟಿದ್ಯಲ್ಲ ಅಮ್ಮಿ, ಮೆಟ್ಲು ಕೇ ನೀಚೆ,” ಎಂದು ಮೆಟ್ಟಿಲಿಳಿದು ಹೋದಳು.